ಬಗ್ಗಬಹುದು ಎಂದು ಒಂದು ಮಾತು ಹೇಳಿ

ಮೂಳೆ ಮತ್ತು ಕೀಲು ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಹನ್ನೊಂದು ವರ್ಷಗಳ ಹಿಂದೆ ತಾವು ನನ್ನ ಹೆಂಡತಿಯ ಎಡಸೊಂಟದ ಕೀಲು ಬದಲಾಯಿಸಿ, ಇನ್ನು ಬಗ್ಗಕೂಡದು ಎಂದು ಅಪ್ಪಣೆ ಕೊಟ್ಟು ಮನೆಗೆ ಕಳಿಸಿದಿರಿ. ಆ ಅಪ್ಪಣೆ ಮೊದಲ ಕೆಲವು ತಿಂಗಳಿಗೆ ಮಾತ್ರ ಎಂಬುದನ್ನು ಹೇಳಲು ಮರೆತಿರಿ. ಅವಳು ಇವತ್ತಿನವರೆಗೂ ಬಗ್ಗಿಲ್ಲ. ನನ್ನ ದೂರು ಇದೇ. ಇಷ್ಟೇನಾ ಎಂದು ತಮಗೆ ಅನ್ನಿಸಬಹುದು. ತಮ್ಮ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೀಲು ಜಾರಿದವರು, ಗಾಯ ಕೀವು ಕಟ್ಟಿದವರು, ಕಾಲು ಗಿಡ್ಡವಾದವರು ಸಾಲಾಗಿ ಕೂತಿರುತ್ತಾರೆ. ಅವರ ನಡುವೆ ಒಬ್ಬ ಮುದುಕ ಬಂದು ‘ನನ್ನ ಹೆಂಡತಿಗೆ ಏನೂ ಆಗಿಲ್ಲ ಸ್ವಾಮಿ’ ಎಂದು ಗೋಳಾಡಿದರೆ ಅವನ ತಲೆ ಪರೀಕ್ಷಿಸುವ ವಿಭಾಗ ಯಾವ ಮಹಡಿಯಲ್ಲಿದೆ ಎಂದು ತೋರಿಸುವುದೇ ಸರಿ. ಆದರೂ ಕೇಳಿ. ಖುದ್ದಾಗಿ ಹೇಳಲು ತಮ್ಮ ಕಚೇರಿ ಬಿಡಲಿಲ್ಲ, ಅದಕ್ಕೇ ಹೀಗೆ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ನ್ಯಾಯವಾಗಿ ಮೊದಲು ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಆಪರೇಷನ್ನಿಗೆ ಮುಂಚೆ ಅವಳು ಗೋಡೆ ಹಿಡಿದುಕೊಂಡು ಓಡಾಡುತ್ತಿದ್ದಳು. ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ ತುಟಿ ಕಚ್ಚಿಕೊಳ್ಳುತ್ತಿದ್ದಳು, ನನಗೆ ಎಚ್ಚರವಾಗಬಾರದಲ್ಲ. ನನಗೆ ಎಚ್ಚರವಾಗಿಯೇ ಇರುತ್ತಿತ್ತು. ತಾವು ಕತ್ತಿ ಹಿಡಿದ ಮೇಲೆ, ವಾರ್ಡಿನ ಕಾರಿಡಾರಿನಲ್ಲಿ ವಾಕರ್ ಹಿಡಿದು ನಡೆದವಳು ಅರ್ಧಕ್ಕೆ ನಿಂತು ಅತ್ತಳು. ನರ್ಸ್ ಓಡಿಬಂದು ‘ಏನಮ್ಮ, ತುಂಬಾ ನೋವಾ?’ ಎಂದರೆ, ‘ಇಲ್ಲ ಕಣಮ್ಮ, ನೋವೇ ಇಲ್ಲ’ ಎಂದು ಇನ್ನಷ್ಟು ಅತ್ತಳು. ಆ ಕೈಗಳಿಗೆ ನಾವಿಬ್ಬರೂ ಸಾಯುವತನಕ ಋಣಿಗಳು. ಈ ಮಾತಿನಲ್ಲಿ ವ್ಯಂಗ್ಯ ಹುಡುಕಬೇಡಿ. ವ್ಯಂಗ್ಯ ಮುಂದೆ ಬರುತ್ತದೆ.

ನಾನು ಬಡಗಿ. ಹೊಸ ಸಾಮಾನು ಮಾಡುವ ದೊಡ್ಡ ಬಡಗಿಯಲ್ಲ, ಹಳೆಯ ಕುರ್ಚಿಗಳನ್ನು ರಿಪೇರಿ ಮಾಡುವವನು. ಮರದ ಕೆಲಸ ನನ್ನದು, ಬೆತ್ತದ ಹೆಣಿಗೆ ಅವಳದು. ಗಿಡ್ಡ ಸ್ಟೂಲಿನ ಮೇಲೆ ಕೂತು, ಕುರ್ಚಿಯ ಚೌಕಟ್ಟನ್ನು ಮೊಣಕಾಲುಗಳ ನಡುವೆ ಬಿಗಿಯಾಗಿ ಹಿಡಿದು, ನೀರಿನಲ್ಲಿ ನೆನೆಸಿದ ಎಳೆಗಳನ್ನು ಬಗ್ಗಿ ಬಗ್ಗಿ ಎಳೆಯುತ್ತಿದ್ದಳು. ಗಿರಾಕಿಗಳು ನನ್ನನ್ನು ‘ಬೆತ್ತದಮ್ಮನ ಯಜಮಾನರು’ ಎಂದು ಗುರುತಿಸುತ್ತಿದ್ದರು. ನನಗೆ ಅದರಲ್ಲಿ ಏನೂ ಬೇಸರವಿರಲಿಲ್ಲ. ಅಂಗಡಿ ನಡೆಯುತ್ತಿದ್ದುದೇ ಅವಳ ಬೆರಳುಗಳಿಂದ. ಕೆಲಸ ಮಾಡುತ್ತ ಅವಳು ಗುನುಗುತ್ತಿದ್ದಳು, ರಾಗ ತಾಳ ಎರಡೂ ಇಲ್ಲದ ಹಾಡು. ನಾನು ಮರ ನುಣುಪು ಮಾಡುವ ರಂದ ಜೋರಾಗಿ ಹೊಡೆದು ಅದನ್ನು ಮುಚ್ಚಿಹಾಕುತ್ತಿದ್ದೆ.

ಆಸ್ಪತ್ರೆಯಿಂದ ಬಿಡುವ ದಿನ ತಮ್ಮ ಕೈಕೆಳಗಿನ ಡಾಕ್ಟರೊಬ್ಬರು ಮಂಚದ ಪಕ್ಕ ನಿಂತು ಬಹಳ ಪ್ರೀತಿಯಿಂದಲೇ ಹೇಳಿದರು. ‘ನೋಡಿಮ್ಮಾ, ಬಗ್ಗೋ ಹಾಗಿಲ್ಲ. ನೆಲದ ಮೇಲೆ ಕೂರೋ ಹಾಗಿಲ್ಲ, ಗಿಡ್ಡ ಸ್ಟೂಲಂತೂ ಬೇಡವೇ ಬೇಡ. ಕಾಲ ಮೇಲೆ ಕಾಲು ಹಾಕಬೇಡಿ. ಮಲಗುವಾಗ ಕಾಲುಗಳ ಮಧ್ಯೆ ದಿಂಬು ಇರಲಿ. ಹುಷಾರು, ಕೀಲು ಜಾರಿದ್ರೆ ಮತ್ತೆ ಕೊಯ್ಯಬೇಕಾಗತ್ತೆ.’ ತಾವು ಪಕ್ಕದಲ್ಲೇ ಇದ್ದಿರಿ, ತಲೆಯಾಡಿಸಿದಿರಿ. ದೊಡ್ಡ ಡಾಕ್ಟರು ತಲೆಯಾಡಿಸಿದ ಮೇಲೆ ನಮ್ಮಂಥವರಿಗೆ ಇನ್ನೇನು ಬೇಕು? ಕೈಗೆ ಕೊಟ್ಟ ಕಾಗದದಲ್ಲಿ ಮಾತ್ರೆಗಳ ಹೆಸರಿತ್ತು, ಹೊಲಿಗೆ ಬಿಚ್ಚುವ ತಾರೀಕಿತ್ತು. ಎಲ್ಲಿಯವರೆಗೆ ಬಗ್ಗಬಾರದು ಎಂಬುದು ಅದರಲ್ಲೂ ಇರಲಿಲ್ಲ, ಯಾರ ಬಾಯಲ್ಲೂ ಬರಲಿಲ್ಲ. ನಮಗೂ ಕೇಳಬೇಕೆಂದು ಹೊಳೆಯಲಿಲ್ಲ. ಕಣ್ಣು ಕಳೆದುಕೊಂಡವನಿಗೆ ಎಷ್ಟು ದಿನ ಕುರುಡು ಎಂದು ಯಾರಾದರೂ ಕೇಳುತ್ತಾರೆಯೇ? ಮೈಯೊಳಗೆ ಲೋಹ ಬಂದು ಕೂತಿದೆ, ಇನ್ನು ಬಾಳುವ ರೀತಿಯೇ ಬೇರೆ ಎಂದುಕೊಂಡೆವು.

ಮಾನ್ಯರೇ, ತಮ್ಮ ಮಾತನ್ನು ಇಷ್ಟು ಚಾಚೂ ತಪ್ಪದೆ ಪಾಲಿಸಿದ ಇನ್ನೊಬ್ಬ ರೋಗಿ ತಮಗೆ ಸಿಕ್ಕಿರಲಿಕ್ಕಿಲ್ಲ. ಮನೆಗೆ ಬಂದ ವಾರದಲ್ಲೇ ನಾನು ಮಂಚದ ಕಾಲಿಗೆ, ಕುರ್ಚಿಗಳ ಕಾಲಿಗೆಲ್ಲ ಮರದ ತುಂಡು ಕೂಡಿಸಿ ಎತ್ತರಿಸಿದೆ. ನಮ್ಮ ಮನೆಗೆ ಬಂದು ಕೂತವರ ಪಾದ ನೆಲಕ್ಕೆ ತಾಕುತ್ತಿರಲಿಲ್ಲ. ನನ್ನ ಭಾವಮೈದುನ ‘ಏನ್ ಭಾವ, ಎಲ್ಲರನ್ನೂ ಅಟ್ಟಕ್ಕೆ ಏರಿಸಿದೀರಲ್ಲ’ ಎಂದು ಕಾಲು ತೂಗಾಡಿಸಿಕೊಂಡು ಟೀ ಕುಡಿದ. ಕೆಳಗೆ ಬಿದ್ದ ಚಮಚ ಎತ್ತಿಕೊಳ್ಳಲು ಉದ್ದನೆಯ ಮರದ ಇಕ್ಕಳ ಮಾಡಿಕೊಟ್ಟೆ. ಅವಳ ಚಪ್ಪಲಿಯ ಪಟ್ಟಿಯನ್ನು ನಾನು ಹಾಕಿದೆ, ಕಾಲಿನ ಉಗುರನ್ನು ಮಗಳು ಕತ್ತರಿಸಿದಳು. ನಿಂತುಕೊಂಡೇ ಬೆತ್ತ ಹೆಣೆಯಲು ಎತ್ತರದ ಮೇಜನ್ನೂ ಮಾಡಿದೆ, ಆಗಲಿಲ್ಲ. ಚೌಕಟ್ಟನ್ನು ಮೊಣಕಾಲಲ್ಲಿ ಹಿಡಿಯದೆ ಎಳೆ ಬಿಗಿಯಾಗುವುದಿಲ್ಲ. ಕೊನೆಗೆ ಬೆತ್ತ ಹರಿದ ಕುರ್ಚಿಗಳಿಗೆ ನಾನು ಪ್ಲೈವುಡ್ ಹೊಡೆದು ಕಳಿಸತೊಡಗಿದೆ. ನಾನು ಹಾಗೆ ಹೊಡೆಯುವಾಗ ಅವಳು ಏನೋ ನೆಪ ಹೇಳಿ ಒಳಗೆ ಹೋಗುತ್ತಿದ್ದಳು. ಗುನುಗುವುದು ನಿಂತುಹೋಯಿತು. ನಿಂತದ್ದು ಯಾವಾಗ ಎಂದು ಹೇಳಲು ನನಗೆ ಬಾರದು.

ವರ್ಷ ತುಂಬಿದಾಗ ತೋರಿಸಲು ಬಂದೆವು. ತಾವು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಒಂದು ಚಿತ್ರ ನೋಡುವವರಂತೆ ಖುಷಿಪಟ್ಟಿರಿ. ‘ಬಹಳ ಚೆನ್ನಾಗಿ ಕೂತಿದೆ. ಹೀಗೇ ಮುಂದುವರಿಸಿ’ ಎಂದಿರಿ. ತಾವು ಅಂದದ್ದು ಆರೋಗ್ಯದ ಬಗ್ಗೆ ಇರಬೇಕು. ಅವಳು ಅದನ್ನು ಬಗ್ಗದೆ ಇರುವುದರ ಬಗ್ಗೆ ಎಂದು ತಿಳಿದಳು, ನಾನೂ ಹಾಗೇ ತಿಳಿದೆ. ಅವಳ ಬಾಯಲ್ಲಿ ಒಂದು ಪ್ರಶ್ನೆ ಇತ್ತು, ನನಗೆ ಗೊತ್ತು. ಆದರೆ ಅಷ್ಟರಲ್ಲಿ ಮುಂದಿನ ರೋಗಿಯ ಎಕ್ಸ್‌ರೇ ತಮ್ಮ ಕೈಗೆ ಬಂದಿತ್ತು. ನಾವು ಎದ್ದೆವು. ತಮ್ಮ ಪುಸ್ತಕದಲ್ಲಿ ಆವತ್ತು ‘ಯಶಸ್ವಿ’ ಎಂದು ಬರೆದುಕೊಂಡಿರಿ ಎಂದು ಈಗ ತಿಳಿಯಿತು. ಹಾಕಿದ ಕೀಲು ಎಷ್ಟು ಕಾಲ ಬಾಳಿಕೆ ಬರುತ್ತದೆ ಎಂದು ತಾವೆಲ್ಲ ದೊಡ್ಡ ಅಧ್ಯಯನ ಮಾಡುತ್ತೀರಂತೆ, ಸಮ್ಮೇಳನಗಳಲ್ಲಿ ಓದುತ್ತೀರಂತೆ. ಒಳ್ಳೆಯದೇ. ಆ ಕೀಲಿನ ಸುತ್ತ ಇರುವ ಹೆಂಗಸು ಅಷ್ಟು ಕಾಲ ಹೇಗೆ ಬಾಳಿದಳು ಎಂದು ಕೇಳುವ ರೂಢಿ ಯಾವ ಸಮ್ಮೇಳನದಲ್ಲಾದರೂ ಇದೆಯೇ? ಎಕ್ಸ್‌ರೇಯಲ್ಲಿ ಗಿಡ್ಡ ಸ್ಟೂಲು ಕಾಣಿಸುತ್ತದೆಯೇ?

ಆಪರೇಷನ್ನಿನ ಮರುವರ್ಷ ಮೊಮ್ಮಗಳು ಹುಟ್ಟಿದಳು. ಯಾರಾದರೂ ಎತ್ತಿ ಕೊಟ್ಟರೆ ಅಜ್ಜಿ ಅವಳನ್ನು ಎತ್ತರದ ಕುರ್ಚಿಯಲ್ಲಿ ಕೂತು ಮುದ್ದಾಡುತ್ತಿದ್ದಳು. ಆದರೆ ಮಗು ಕೊಟ್ಟಲ್ಲೇ ಇರುತ್ತದೆಯೇ? ಅಂಬೆಗಾಲಿಟ್ಟು ಬಂದು, ಅಜ್ಜಿಯ ಕಾಲ ಬುಡದಲ್ಲಿ ಕೂತು, ಎರಡೂ ಕೈ ಮೇಲೆತ್ತಿ ಅಳುತ್ತಿತ್ತು. ಅವಳು ಕಂಬದಂತೆ ನಿಂತು ‘ಯಾರಾದ್ರೂ ಬನ್ರೋ, ಮಗು ಎತ್ಕೊಳ್ರೋ’ ಎಂದು ಕೂಗುತ್ತಿದ್ದಳು. ನಾವು ಬರುವಷ್ಟರಲ್ಲಿ ಮಗು ಅತ್ತು ಅತ್ತು ಕೆಂಪಾಗಿರುತ್ತಿತ್ತು. ಒಂದು ದಿನ ಅಂಗಳದಲ್ಲಿ ಬಿದ್ದು ಮೊಣಕಾಲು ತರಚಿಕೊಂಡ ಮೊಮ್ಮಗಳು, ಎದುರಿಗೇ ನಿಂತಿದ್ದ ಅಜ್ಜಿಯನ್ನು ದಾಟಿ ಪಕ್ಕದ ಮನೆಯವರ ಹತ್ತಿರ ಓಡಿದಳು. ಮಕ್ಕಳು ಜಾಣರು ಸ್ವಾಮಿ, ಯಾರ ಹತ್ತಿರ ಹೋದರೆ ಕೆಲಸವಾಗುತ್ತದೆ ಎಂದು ಬೇಗ ಕಲಿಯುತ್ತಾರೆ. ಆಮೇಲೆ ಮೊಮ್ಮಗಳು ಅಜ್ಜಿಗೆ ‘ನೆಟ್ಟಗಜ್ಜಿ’ ಎಂದು ಹೆಸರೂ ಇಟ್ಟಳು. ನಾವೆಲ್ಲ ನಕ್ಕೆವು. ಅಜ್ಜಿಯೂ ನಕ್ಕಳು.

ಈಚೆಗೆ ಅವಳ ಭುಜ ಹಿಡಿದುಕೊಂಡಿತು, ಕೈ ಮೇಲೆತ್ತಲು ಆಗುತ್ತಿರಲಿಲ್ಲ. ಬೇರೆ ಕಡೆ ಫಿಸಿಯೋಥೆರಪಿಗೆ ಹೋದೆವು. ಅಲ್ಲಿನ ಹೆಣ್ಣುಮಗಳು ಕೆಳಗೆ ಹಾಸಿದ ಚಾಪೆ ತೋರಿಸಿ ಕೂರಲು ಹೇಳಿದಳು.

‘ನಾನು ಕೂರೋ ಹಾಗಿಲ್ಲಮ್ಮ. ಸೊಂಟದ ಆಪರೇಷನ್ ಆಗಿದೆ.’

‘ಯಾವಾಗ ಆಗಿದ್ದು?’

‘ಹನ್ನೊಂದು ವರ್ಷ ಆಯ್ತು.’

ಆ ಹೆಣ್ಣುಮಗಳು ಅವಳನ್ನು ನೋಡಿದಳು, ನನ್ನನ್ನು ನೋಡಿದಳು. ‘ಅಮ್ಮಾ, ಅದೆಲ್ಲ ಸಾಮಾನ್ಯವಾಗಿ ಮೊದಲ ಕೆಲವು ತಿಂಗಳಿಗೆ. ಆಮೇಲೆ ಡಾಕ್ಟರು ನೋಡಿ ಒಂದೊಂದಾಗಿ ಬಿಡಿಸ್ತಾರೆ. ನಿಮಗೆ ಯಾರೂ ಹೇಳಲಿಲ್ವಾ? ಒಂದ್ಸಲ ಆಪರೇಷನ್ ಮಾಡಿದವರನ್ನ ಕೇಳಿ ಶುರು ಮಾಡಿ’ ಎಂದಳು. ನನ್ನ ಹೆಂಡತಿ ಸರಿ ಎಂದು ತಲೆಯಾಡಿಸಿದಳು, ಭುಜದ ವ್ಯಾಯಾಮಗಳನ್ನೆಲ್ಲ ನಿಂತೇ ಕಲಿತಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದವಳು ನಮ್ಮ ಸ್ಟಾಪು ಬರುವ ಮುಂಚೆ ನನ್ನ ಕಡೆ ತಿರುಗಿ, ‘ರೀ, ಹಾಗಾದ್ರೆ ಅವಳನ್ನ ನಾನು ಎತ್ಕೋಬಹುದಿತ್ತು’ ಎಂದಳು. ಮೊಮ್ಮಗಳಿಗೆ ಈಗ ಹತ್ತು ವರ್ಷ. ಅಜ್ಜಿಯ ಭುಜದವರೆಗೆ ಬೆಳೆದಿದ್ದಾಳೆ.

ಅಂದಿನಿಂದ ತಮ್ಮನ್ನು ಕಾಣಲು ಪಟ್ಟ ಪಾಡನ್ನು ಕೇಳಿದರೆ ತಮಗೆ ನಗು ಬಂದೀತು. ಕೌಂಟರಿನಲ್ಲಿ ಕಂಪ್ಯೂಟರ್ ನೋಡಿ, ‘ಇವರ ಕೇಸ್ ಕ್ಲೋಸ್ ಆಗಿದೆ. ಯಶಸ್ವಿ ಅಂತ ಇದೆ. ನೋವಿದ್ರೆ ಮಾತ್ರ ಮತ್ತೆ ತೆಗೀಬಹುದು. ನೋವಿದೆಯಾ?’ ಎಂದರು. ಇಲ್ಲ ಎಂದಳು. ‘ಕೀಲು ಸದ್ದು ಮಾಡತ್ತಾ? ಜ್ವರ? ಊತ?’ ಯಾವುದೂ ಇಲ್ಲ. ‘ಮತ್ತೆ ಯಾಕಮ್ಮ ಬಂದ್ರಿ?’ ಎಂದು ಕೇಳಿದರು. ಬಾಗಿಲ ಕಾವಲಿನವನು ಕರುಣೆಯಿಂದ ನನ್ನನ್ನು ಪಕ್ಕಕ್ಕೆ ಕರೆದು, ‘ನೋವಿದೆ ಅಂತ ಒಂದು ಸುಳ್ಳು ಹೇಳಿಸಿ, ಇವತ್ತೇ ಒಳಗೆ ಬಿಡ್ತಾರೆ’ ಎಂದ. ನಾನು ಸಿದ್ಧನಿದ್ದೆ. ಅವಳು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ‘ಅವರು ಅಷ್ಟು ಚೆನ್ನಾಗಿ ಮಾಡಿದಾರೆ. ನೋವಿದೆ ಅಂತ ಯಾವ ಬಾಯಲ್ಲಿ ಹೇಳಲಿ?’ ಎಂದಳು. ತಮ್ಮ ಹೆಸರಿಗೆ ಮಸಿ ಬಳಿಯಲಾರೆ ಎಂದು ತಮ್ಮ ಬಾಗಿಲಿನಿಂದಲೇ ವಾಪಸು ಬಂದವಳು ಅವಳು. ಬೇರೆ ಡಾಕ್ಟರಿಗೆ ತೋರಿಸಿ ಎನ್ನುವಿರಾ? ತೋರಿಸಿದೆವು. ಒಳಗೆ ಹಾಕಿದವರನ್ನೇ ಕೇಳುವುದು ಒಳ್ಳೆಯದು ಎಂದರು. ಒಬ್ಬರ ಕೆಲಸದ ಮೇಲೆ ಇನ್ನೊಬ್ಬರು ಕೈಯಿಡದಿರುವ ಮರ್ಯಾದೆ ನಮ್ಮ ಬಡಗಿಗಳಲ್ಲೂ ಇದೆ, ತಪ್ಪೆನ್ನಲಾರೆ.

ಈಗ ಇಷ್ಟು ಅವಸರ ಯಾಕೆ ಎನ್ನುತ್ತೀರಾದರೆ, ಮಗಳಿಗೆ ಎರಡನೆಯ ಮಗು ಹುಟ್ಟಿದೆ. ಗಂಡು, ಗುಂಡಗಿದ್ದಾನೆ, ಅಂಬೆಗಾಲಿಡುತ್ತಿದ್ದಾನೆ. ಕಳೆದ ವಾರ ಹೊಸ್ತಿಲು ದಾಟಿ ಬಂದು ಅಜ್ಜಿಯ ಬಟ್ಟೆಯ ಅಂಚು ಹಿಡಿದು ಎರಡೂ ಕೈ ಮೇಲೆತ್ತಿದ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅವಳ ಮೈ ಒಂದಿಷ್ಟು ಮುಂದಕ್ಕೆ ಬಾಗಿತು. ಕೈಗಳು ಅರ್ಧದವರೆಗೆ ಇಳಿದವು, ಅಲ್ಲೇ ನಿಂತವು. ಮುಖದಲ್ಲಿ ಬೆವರು. ‘ಎತ್ಕೋ, ಏನೂ ಆಗಲ್ಲ, ನಾನು ಹಿಡ್ಕೋತೀನಿ’ ಎಂದೆ. ‘ಬೇಡ ರೀ, ದೊಡ್ಡ ಡಾಕ್ಟರು ಒಂದು ಮಾತು ಹೇಳ್ಲಿ’ ಎಂದು ಮತ್ತೆ ನೆಟ್ಟಗಾದಳು. ಅಷ್ಟರಲ್ಲಿ ಮೊಮ್ಮಗಳು ಓಡಿಬಂದು ತಮ್ಮನನ್ನು ಬಾಚಿ ಎತ್ತಿಕೊಂಡಳು. ‘ಅಜ್ಜಿಗೆ ಬಗ್ಗೋಕಾಗಲ್ಲ ಪುಟ್ಟಾ. ಅವರ ಹತ್ರ ಹೋಗಬಾರದು, ನನ್ನ ಹತ್ರ ಬರಬೇಕು, ಆಯ್ತಾ?’ ಎಂದು ಅವನಿಗೆ ಬುದ್ಧಿ ಹೇಳಿದಳು. ಅವಳದೇನೂ ತಪ್ಪಿಲ್ಲ, ಗೊತ್ತಿದ್ದುದನ್ನು ಹೇಳಿಕೊಟ್ಟಳು. ನನ್ನ ಹೆಂಡತಿ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟಳು. ತೊಳೆಯುವ ಪಾತ್ರೆ ಅಲ್ಲಿ ಒಂದೂ ಇರಲಿಲ್ಲ. ಇದನ್ನು ತಮಗೆ ಹೇಳದೆ ಇನ್ಯಾರಿಗೆ ಹೇಳಲಿ?

ನಾನು ಹೇಳಿದರೆ ಅವಳು ಕೇಳುವುದಿಲ್ಲ. ನಾನು ಕುರ್ಚಿಯ ಡಾಕ್ಟರು. ಬಗ್ಗಬೇಡ ಎಂದವರು ತಾವು, ಬಗ್ಗು ಎನ್ನಬೇಕಾದವರೂ ತಾವೇ. ತಾವು ಮನೆಗೆ ಕಳಿಸಿದವರಲ್ಲಿ ಹೀಗೆ ಕಂಬವಾಗಿ ನಿಂತವರು ಇವಳೊಬ್ಬಳೇ ಇರಲಾರಳು. ಯಶಸ್ವಿ ಎಂದು ಮುಚ್ಚಿಟ್ಟ ಕೇಸುಗಳನ್ನೆಲ್ಲ ತೆರೆಸಿ, ಒಬ್ಬೊಬ್ಬರಿಗೂ ಫೋನ್ ಮಾಡಿಸಿ ಕೇಳಿ. ಕೀಲು ಹೇಗಿದೆ ಎಂದಲ್ಲ. ಏನೇನು ಮಾಡುವುದನ್ನು ಬಿಟ್ಟಿದ್ದೀರಿ, ಯಾಕೆ ಬಿಟ್ಟಿದ್ದೀರಿ ಎಂದು ಕೇಳಿ. ನನ್ನ ಹೆಂಡತಿಗೆ ಮಾತ್ರ ಫೋನ್ ಸಾಲದು. ತಮ್ಮ ಕೋಣೆಯ ಬಾಗಿಲಿಗೆ ಬಂದು, ಅವಳ ನಡಿಗೆ ಒಮ್ಮೆ ನೋಡಿ, ಬಗ್ಗಬಹುದು ಅನ್ನಿ. ಇಷ್ಟು ವರ್ಷ ಬಳಸದ ಸ್ನಾಯು ಸೋತಿದ್ದರೆ ಹೇಗೆ ಶುರು ಮಾಡಬೇಕೆಂದು ಹೇಳಿ. ಇವಳ ಸೊಂಟಕ್ಕೆ ನಿಜಕ್ಕೂ ಆಗದು ಎಂದಿದ್ದರೆ ಅದನ್ನೇ ಹೇಳಿಬಿಡಿ, ಎದೆ ಗಟ್ಟಿ ಮಾಡಿಕೊಂಡು ಕೇಳುತ್ತೇವೆ. ಆದರೆ ಹೇಳಿ. ಮೊಮ್ಮಗ ಈಗಾಗಲೇ ಗೋಡೆ ಹಿಡಿದು ಎದ್ದು ನಿಲ್ಲುತ್ತಿದ್ದಾನೆ. ನಡೆಯಲು ಕಲಿತ ಮೇಲೆ ಯಾರ ಮುಂದೆಯೂ ಕೈ ಮೇಲೆತ್ತುವುದಿಲ್ಲ.

ಇಂತಿ,
ತಮ್ಮ ಯಶಸ್ಸಿನ ಜೊತೆ ಹನ್ನೊಂದು ವರ್ಷ ಸಂಸಾರ ಮಾಡಿದ
ಒಬ್ಬ ಕುರ್ಚಿ ರಿಪೇರಿಯವನು