ವಾಯರ್‌ಲೆಸ್‌ನ್ಯಾಗ ಗಂಡನ ಹೆಸರು

ಕಲ್ಯಾಣ (ಜಿ. ಠಾಣೆ)
ತಾ. ೨೦-೧೧-೧೯೮೫

ಪೂಜ್ಯ ಅತ್ತಿಯವರಿಗೆ,

ನಿಮ್ಮ ಸೊಸಿ ನೀಲಗಂಗಾ ಮಾಡುವ ಶರಣು. ಮೊಣಕಾಲ ನೋವು ಹ್ಯಾಂಗೈತ್ರಿ? ಗದಗಿನ ಥಂಡ್ಯಾಗ ನಸುಕಿನ್ಯಾಗ ಎದ್ದು ಕೂಸಿಗೆ ಎರಿಯಾಕ ನೀವ ಕೂಡಬ್ಯಾಡ್ರಿ. ಮಗಳು ರುದ್ರವ್ವನ ಬಾಣಂತನಕ್ಕ ಹೋದಾವರು ತಾವ ಹಾಸಿಗಿ ಹಿಡಿದ್ರ ಹ್ಯಾಂಗ? ಅಕೀಗೆ ಹೇಳಿ ಒಬ್ಬಾಕಿ ಆಳು ಹಚ್ಚಿಸ್ರಿ. ಇಲ್ಲಿ ನಾವು ಆರಾಮ ಅದೀವಿ. ಅಂದ್ರ, ನಿಮ್ಮ ಮಗ ಆರಾಮ ಅದಾರ. ನನಗ ಹೊಟ್ಟಿಕಿಚ್ಚು ಹಿಡಿದೈತಿ, ನಿಮ್ಮ ಮುಂದ ಮುಚ್ಚಿಡೂದು ಯಾಕ.

ಅವರೂ ಅವರ ಗೆಳ್ಯಾರೂ ಮಿಲಿಟರಿ ಹರಾಜಿನ್ಯಾಗ ಹಳೇ ಜೀಪು ತಗೊಂಡದ್ದು ನಿಮಗ ಗೊತ್ತೈತಿ. ಈಗ ನಾಕೂ ಜೀಪು ಕೂಡಿ ಡಿಸೆಂಬರ್ ಒಂದನೇ ತಾರೀಖು ಐತವಾರ ಮುರಬಾಡ ದಾಟಿ, ಡಾಂಬರಿಲ್ಲದ ಕಾಡಹಾದ್ಯಾಗ ಹೊಂಟಾವು. ಸ್ಟೇಶನ್ ಮುಂದಿನ ಉಡುಪಿ ಹೊಟೇಲಿನ ಮಧ್ವರಾಜ ಶೆಟ್ಟರು ಮುಂದಾಳು. ಅವರ ಹೊಟೇಲಿನ ಹಿಂದಿನ ಬಯಲಾಗ ತಿಂಗಳಿಂದ ಜೀಪು ಜ್ಯಾಕಿನ ಮ್ಯಾಲೆ ನಿಂತಾವು. ಸ್ಪ್ರಿಂಗಿಗೆ ಗ್ರೀಸ್ ಹಚ್ಚೂದೇನು, ಎಳಿಯಾಕ ಹಗ್ಗ ಕಟ್ಟೂದೇನು, ಮದವಿ ಮನಿ ಗದ್ದಲ! ನಮ್ಮದು ರೇಡಿಯೋ ರಿಪೇರಿ ಅಂಗಡಿ ನೋಡ್ರಿ, ಅದಕ್ಕ ಲೈಸೆನ್ಸ್ ತಂದು ನಾಕೂ ಗಾಡಿಗೆ ವಾಯರ್‌ಲೆಸ್ ಸೆಟ್ ಕೂಡಿಸೂದು ನಿಮ್ಮ ಮಗನ ಪಾಲಿಗೆ ಬಂತು. ವಾಯರಿನ ತೊಗಟಿ ಸುಲಿದಾಕಿ ನಾನು. ಎಂಜಿನ್ ಚಾಲೂ ಮಾಡಿದ್ರ ಸೆಟ್ಟಿನ್ಯಾಗ ಹಪ್ಪಳ ಕರಿದ್ಹಂಗ ಸಪ್ಪಳ ಬರ್ತಿತ್ತು. ಬ್ಯಾಟರಿ ಕಡೆ ವಾಯರು ಸಡಲ ಐತಿ ಅಂತ ಹುಡುಕಿ ತೋರಿಸಿದಾಕೀನೂ ನಾನು. ಅದಕ್ಕ ಅವರ ಜೀಪಿನ್ಯಾಗ, ಅವರ ಬಾಜೂಕ, ಸೆಟ್ ಹಿಡಿದು ಕೂಡೂ ಜಾಗಾ ನನಗಂತ ಮಾತಾಗಿತ್ತು. ಹನ್ನೊಂದು ವರ್ಷದಾಗ ಅವರ ಜೋಡಿ ನಾ ಬಾಜೂ ಸ್ಟೇಶನ್ ಡೊಂಬಿವಲಿ ಬಿಟ್ಟು ಎಲ್ಲಿಗೆ ಹೋಗೀನಿ ಹೇಳ್ರಿ?

ಹ್ವಾದ ಐತವಾರ ಪರೀಕ್ಷಾ ಇತ್ತು. ನಾನು ಬಯಲಾಗ ಒಂದು ಸೆಟ್ ಹಿಡಿದು ಕುಂತಿದ್ನಿ, ಜೀಪುಗಳು ಸುತ್ತ ತಿರಗತಿದ್ವು. ಗುಂಡಿ ಒತ್ತಬೇಕು, ಯಾರನ್ನ ಕರೀಬೇಕೋ ಅವರ ಹೆಸರು ಎರಡು ಸಲ ಅನ್ನಬೇಕು, ಮಾತು ಮುಗಿಸಿ ‘ಓವರ್’ ಅನ್ನಬೇಕು. ಒಬ್ಬರು ಗುಂಡಿ ಒತ್ತಿದ್ರ ಉಳಿದಾವರ ಮಾತು ಯಾರಿಗೂ ಕೇಳಂಗಿಲ್ಲ. ಮೊದಲು ನಿಮ್ಮ ಮಗನ್ನ ಕರಿಯಾಕ ಮಧ್ವರಾಜರು ಹೇಳಿದ್ರು. ನಾನು ಒತ್ತಿದ್ನಿ. ಹೆಸರು ಹ್ಯಾಂಗ ಅನ್ಲಿ? ಗಂಡನ ಹೆಸರು ಬರೇ ಬಾಯಿಲೆ ಅಂದ್ರ ಆಯುಷ್ಯ ಕಡಿಮಿ ಆಗ್ತೈತಿ, ಅನ್ನೂ ಪಾಳಿ ಬಂದ್ರ ಪ್ರಾಸ ಕಟ್ಟಿ ಒಡಪು ಹಾಕಿ ಅನ್ನು ಅಂತ ಮದವಿ ಹಂದರದಾಗ ಕಲಿಸಿದಾವರು ನೀವ. ಒಡಪು ಹಾಕಿದ್ನಿ: ‘ಬೆಳ್ಳಿ ಬಟ್ಟಲದಾಗ ಕೆನಿಮೊಸರ, ವಾಯರ್‌ಲೆಸ್‌ನ್ಯಾಗ ಹೇಳತೀನಿ ನನ್ನ ರಾಯರ ಹೆಸರ...’ ಇಷ್ಟ ಅಂದು ನಾಚಿಕಿ ಬಂದು ಮಾತು ನಿಲ್ಲಿಸಿದ್ನಿ, ಬಟ್ಟು ಗುಂಡಿ ಮ್ಯಾಲೇ ಇತ್ತು. ಅಷ್ಟೊತ್ತಿಗೆ ಮಧ್ವರಾಜರು ಜೀಪು ಹಿಂದಕ್ಕ ತಗೋಳಾಕತ್ತಿದ್ರು. ಹಿಂದ ಗಟಾರ ಐತಿ, ನಿಲ್ಲಿಸ್ರಿ ಅಂತ ನಿಮ್ಮ ಮಗ ತಮ್ಮ ಸೆಟ್ಟಿನ್ಯಾಗ ಒದರಿದ್ದ ಒದರಿದ್ದು. ನನ್ನ ಮೊಸರಿನ ಮುಂದ ಅವರ ಮಾತು ಯಾರಿಗೆ ಕೇಳಬೇಕು! ಜೀಪಿನ ಹಿಂದಿನ ಗಾಲಿ ಗಟಾರದಾಗ ಕುಂತು ಆಕ್ಸಲ್ ಸೊಟ್ಟ ಆತು.

ಅಂದ ಸಂಜಿಕ ನನ್ನ ಜಾಗಾ ಮಧ್ವರಾಜರ ತಂಗಿ ಜಯಲತಾಗ ಹೋತು. ಠಾಣೆದಾಗ ಟೆಲಿಫೋನ್ ಆಪರೇಟರ್ ಅದಾಳ. ‘ಬೇಜಾರು ಮಾಡ್ಬೇಡಿ ಅಕ್ಕ, ನಂಗೆ ದಿನಾ ಇದೇ ಕೆಲ್ಸ ಅಲ್ವಾ’ ಅಂದ್ಲು. ಅಕೀದೇನೂ ತಪ್ಪಿಲ್ಲ, ಅದಕ್ಕ ನನಗ ಇನ್ನಷ್ಟು ಸಿಟ್ಟು. ಮೂರು ದಿನ ಆತು, ಬಯಲಾಗ ಕುಂತು ಸೆಟ್ಟಿನ್ಯಾಗ ನಿಮ್ಮ ಮಗನ್ನ ಹೆಸರು ಹಿಡಿದು, ಜೇನ ಸುರಿದ್ಹಂಗ ಕರೀತಾಳ. ಇವರು ಗ್ರೀಸ್ ಹಚ್ಚಾಕ ಹೋಗೂಮುಂದ ಇಸ್ತ್ರಿ ಅಂಗಿ ಹಾಕ್ಕೋತಾರ! ನಿನ್ನೆ ಊಟಕ್ಕ ಕುಂತು, ಸಾಂಬಾರಿಗೆ ಉಡುಪಿಯವರ್ಹಂಗ ಚೂರು ಬೆಲ್ಲ ಹಾಕಿದ್ರ ಚಲೋ ಅಂದ್ರು. ಬೆಲ್ಲದ ಡಬ್ಬೀನ ಮುಂದಿಟ್ಟು ಎದ್ದು ಬಂದ್ನಿ. ನಿಮ್ಮ ಮಾತು ಅವರು ಮೀರಂಗಿಲ್ಲ. ನೀಲಗಂಗಾನ್ನ ಕರಕೊಂಡು ಹೋಗು ಅಂತ ಒಂದು ಕಾರ್ಡು ಬರೀರಿ ಅತ್ತಿ, ನಿಮ್ಮ ಕಾಲು ಬೀಳ್ತೀನಿ.

ಕೂಸಿಗೆ ಈ ಅತ್ತಿಯ ಮುತ್ತು ಕೊಡ್ರಿ. ರುದ್ರವ್ವಗ ಥಂಡಿ ನೀರು ಮುಟ್ಟಾಕ ಬಿಡಬ್ಯಾಡ್ರಿ.

ನಿಮ್ಮ ಸೊಸಿ,
ನೀಲಗಂಗಾ

ತಾ.ಕ.: ಅಂಟಿಸಿದ ಪಾಕೀಟು ಮರುದಿನ ಬಿಚ್ಚಿ ಬರಿಯಾಕತ್ತೀನಿ, ಅಂಚೆಯವರು ಡಬ್ಬಿ ತಗಿಯೂ ಹೊತ್ತಾತು. ಇವತ್ತ ಮುಂಜಾನಿ ಬಯಲಿಗೆ ಚಹಾ ಒಯ್ದಿದ್ನಿ. ಜಯಲತಾ ಮತ್ತ ಅವರನ್ನ ಕರಿಯಾಕತ್ತಿದ್ಲು. ತಡಿಲಿಲ್ಲ. ಮೈಕ್ ಕಸಗೊಂಡು, ಒಡಪಿಲ್ಲ ಏನಿಲ್ಲ, ‘ವಿರುಪಾಕ್ಷ, ವಿರುಪಾಕ್ಷ, ಓವರ್’ ಅಂದ್ನಿ. ಆ ಕಡಿಂದ ‘ಯಾರದು?’ ಅಂದ್ರು. ನನ್ನ ಬಾಯಾಗ ತಮ್ಮ ಹೆಸರು ಹ್ಯಾಂಗ ಕೇಳಿಸ್ತೈತಿ ಅಂತ ಆ ಮನಶ್ಯಾಗ ಗೊತ್ತ ಇದ್ದಿಲ್ಲ. ‘ನಾನು, ನೀಲಗಂಗಾ’ ಅಂದ್ನಿ. ‘ಇನ್ನೊಮ್ಮೆ ಅನ್ನು’ ಅಂದ್ರು, ನಾಕೂ ಜೀಪಿಗೆ ಕೇಳೂಹಂಗ. ಎರಡು ಸಲ ಅಂದಿದ್ನಿ, ಮೂರನೇದ್ದೂ ಅಂದ್ನಿ. ಜಾಗಾ ನನಗ ಬಂತು, ಕಾರ್ಡು ಬ್ಯಾಡ. ಆದ್ರ ಅವರ ಆಯುಷ್ಯಕ್ಕ ಕುಂದು ಬರಬಾರದಂತ ಸಲಕ್ಕ ಒಂದರಂಗ ಮೂರು ಸೋಮವಾರ ಉಪಾಸ ಹಿಡಿದೀನಿ. ಸೆಟ್ಟಿನ್ಯಾಗ ನಮ್ಮ ಜೀಪಿಗೆ ಅವರ ಹೆಸರ ಗುರ್ತು, ಕಾಡಿನ್ಯಾಗ ಇಡೀ ದಿನ ಅನ್ನಬೇಕು ಅತ್ತಿ, ಅದಕ್ಕ ಎಷ್ಟು ಸೋಮವಾರ ಅಂತ ಲಗೂನ ಬರದು ತಿಳಸ್ರಿ.