ಬೀಗರ ಮನೆಯಲ್ಲಿರುವ ಬಂದೂಕು

ಹಾಲೋವೇ ಫಾಲ್ಸ್, ಮೇನ್
ಫೆಬ್ರವರಿ ೩, ಭಾನುವಾರ

ಮುದ್ದಿನ ಎಮಿಲ್,

ಹೇಗಿದ್ದೀಯಾ ಮಗನೇ? ಅಲಾಸ್ಕಾದ ಚಳಿಗೆ ಬೆರಳು ಸೆಟೆದುಕೊಳ್ಳುತ್ತವೆ ಎಂದು ಬರೆದಿದ್ದೆಯಲ್ಲ, ನಾನು ಕಳಿಸಿದ ಉಣ್ಣೆಯ ಕೈಗವಸು ಬಂತೇ? ನೀನು ಏಡಿ ಹಿಡಿಯುವ ದೋಣಿಯಲ್ಲಿ ನಿನ್ನ ಹೆಂಡತಿಯೇ ಅಡುಗೆಯವಳಾಗಿರುವಾಗ ನಿನ್ನ ಹೊಟ್ಟೆಯ ಚಿಂತೆ ನನಗಿಲ್ಲ. ಜೋನಾ ಉಪ್ಪು ಒಂದು ಹಿಡಿ ಹೆಚ್ಚೇ ಹಾಕುತ್ತಾಳೆ ಎಂಬುದು ಬೇರೆ ಮಾತು. ನನ್ನ ಮಂಡಿನೋವು ಎಂದಿನಂತೆ. ಫೋನಿನಲ್ಲಿ ನಾನು ಸ್ವಲ್ಪ ಬಿಗಿಯಾದ ಮಾತೆತ್ತಿದರೆ ಸಾಕು, ನಿನಗೆ ಸಿಗ್ನಲ್ ಹೋಗಿಬಿಡುತ್ತದೆ. ಕಾಗದಕ್ಕೆ ಆ ರೋಗವಿಲ್ಲ.

ನಿನ್ನೆ ರೈತಸಂಘದ ಭವನದಲ್ಲಿ ಬೀನ್ಸ್ ಊಟ, ಊಟದ ಮೇಲೆ ಹೊಸ ಬಂದೂಕು ಮಸೂದೆಯ ಚರ್ಚೆ. ಊರಲ್ಲಿ ಬಂದೂಕು ಇರುವವರೆಲ್ಲ ಬಂದಿದ್ದರು, ಅಂದರೆ ಊರೇ ಬಂದಿತ್ತು. ಮಸೂದೆ ಹೇಳುವುದು ಇಷ್ಟು: ಬಂದೂಕು ಮಾರಿದರೂ, ಕೊಟ್ಟರೂ, ತಿಂಗಳಿಗಿಂತ ಹೆಚ್ಚು ಕಾಲ ಇನ್ನೊಬ್ಬರಲ್ಲಿ ಇಟ್ಟರೂ, ಪರವಾನಗಿ ಇರುವ ಬಂದೂಕಿನಂಗಡಿಗೆ, ಅಂದರೆ ನಮ್ಮೂರಲ್ಲಿ ನನ್ನ ಅಂಗಡಿಗೆ, ಬಂದು ಪಡೆಯುವವರ ಹಿನ್ನೆಲೆ ತಪಾಸಣೆ ಮಾಡಿಸಬೇಕು. ಹೆತ್ತವರು, ಮಕ್ಕಳು, ಗಂಡ-ಹೆಂಡತಿ, ಒಡಹುಟ್ಟಿದವರಿಗೆ ಮಾತ್ರ ವಿನಾಯಿತಿ. ನಾನು ವಿರೋಧಿಸಲೆಂದೇ ಹೋಗಿದ್ದೆ. ಬಾಯಿ ತೆರೆಯುವ ಮೊದಲೇ ಗರಗಸ ಮಿಲ್ಲಿನ ಕ್ಲೈಡ್, "ನಿಂಗೇನಮ್ಮ ಲೂಸಿಲ್, ಈ ಕಾನೂನು ಬಂದ್ರೆ ಪ್ರತಿ ಗಿರಾಕಿನೂ ನಿನ್ನಂಗಡಿ ಬಾಗ್ಲಿಗೇ ಬರ್ಬೇಕು" ಎಂದ. ನಾನು, "ನೀನು ಬರ್ದಿದ್ರೆ ಸಾಕು ಮಾರಾಯ, ಬಾಗ್ಲು ಇನ್ನೂ ಅಗಲ ತೆಗೀತೀನಿ" ಎಂದೆ. ಎಲ್ಲರೂ ನಕ್ಕರು. ನಗು ನನ್ನ ಕಡೆಗಿದ್ದರೆ ಅರ್ಧ ವ್ಯಾಪಾರ ಕುದುರಿದಂತೆ ಎಂದು ನಿನಗೆ ಗೊತ್ತು.

ಆಗ ಎದ್ದು ನಿಂತದ್ದು ನಮ್ಮ ಬೀಗ ಮರ್ಲ್. ವರ್ಷಕ್ಕೆ ನಾಲ್ಕು ಮಾತಾಡುವ ಮನುಷ್ಯ. ಅದಕ್ಕೇ ಅವನು ಕೆಮ್ಮಿದರೂ ಊರು ಕಿವಿಗೊಡುತ್ತದೆ. ನಾನು ಮೂವತ್ತು ವರ್ಷ ಮಾತು ಮಾರಿ ಅಂಗಡಿ ಕಟ್ಟಿದವಳು, ನನ್ನ ಮಾತಿಗೆ ಜನ ಚೌಕಾಸಿ ಮಾಡುತ್ತಾರೆ. ಅವನು ಟೊಪ್ಪಿ ತೆಗೆದು ಹೇಳಿದ: "ನನ್ನ ಅಳಿಯ ಸಮುದ್ರಕ್ಕೆ ಹೋಗೋವಾಗ ಅವರಜ್ಜನ ರೈಫಲ್ ನನ್ನ ಕೈಲಿ ಕೊಟ್ಟು ಹೋದ. ಈ ಕಾನೂನು ಬಂದ್ರೆ ನಾನು ಅಪರಾಧಿ ಆಗ್ತೀನಾ?"

ಅವರಜ್ಜ ಎಂದರೆ ನನ್ನ ಅಪ್ಪ, ಎಮಿಲ್. ನೀನು ಮೊದಲ ಜಿಂಕೆ ಹೊಡೆದ ದಿನ ಅಪ್ಪ ನನ್ನನ್ನು ದಾಟಿ ಆ ರೈಫಲನ್ನು ನಿನಗೆ ಕೊಟ್ಟ. ಪದ್ಧತಿ ಹಾಗೆ, ಕೈ ಬದಲಾದರೂ ಮನೆ ಬದಲಾಗಲಿಲ್ಲ ಅಂದುಕೊಂಡೆ. ಅದು ನಿನ್ನ ಬಾಡಿಗೆ ಕೋಣೆಯ ಕಪಾಟಿನಲ್ಲಿದೆ ಎಂದೇ ನಂಬಿದ್ದೆ. ಊರಿನ ಅತಿ ಗಟ್ಟಿ ಉಕ್ಕಿನ ಪೆಟ್ಟಿಗೆ ಇರುವುದು ನನ್ನಲ್ಲಿ, ರೈಫಲ್ ಇರುವುದು ಮರ್ಲ್‌ನಲ್ಲಿ. ಪಕ್ಕದಲ್ಲಿದ್ದ ಐರಿನ್ ಕಿಸಕ್ಕನೆ ನಕ್ಕು, "ಅಂಗಡೀಲಿಟ್ರೆ ಬೆಲೆಚೀಟಿ ಅಂಟ್ಕೊಳ್ಳುತ್ತೆ ಅಂತ ಹೆದರಿದ್ನೇನೋ ಹುಡುಗ" ಎಂದಳು. ನಾನು ಪೈಯ ದೊಡ್ಡ ತುಂಡೊಂದನ್ನು ಬಾಯಿಗಿಟ್ಟೆ.

ಚರ್ಚೆ ಅಲ್ಲಿಂದ ಮುಂದೆ ಹೋಗಲೇ ಇಲ್ಲ. ಮಾವ ಮನೆಯವನೋ ಹೊರಗಿನವನೋ ಎಂಬುದೇ ಮಾತಾಯಿತು. ಕೊನೆಗೆ ಊರು ತೀರ್ಮಾನಿಸಿದ್ದು: ಮಸೂದೆ ತಡೆಯಲಾಗದಿದ್ದರೆ ವಿನಾಯಿತಿಗೆ ಬೀಗರನ್ನೂ ಸೇರಿಸಿ ಎಂದು ಶಾಸನಸಭೆಯ ಸಮಿತಿಯ ಮುಂದೆ ಕೇಳಬೇಕು. ಕೇಳುವವರು ಯಾರು? ಮರ್ಲ್ ನನ್ನ ಕಡೆ ತಿರುಗಿ, "ಲೂಸಿಲ್ ಹೇಳ್ಲಿ. ಅವಳಷ್ಟು ಚೆನ್ನಾಗಿ ಯಾರಿಗೆ ಬರುತ್ತೆ?" ಎಂದ. ಕಪಟವಿಲ್ಲದೆ ಹೇಳಿದ, ಅದೇ ನನಗೆ ಸಹಿಸಲಾಗದ್ದು. ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ.

ಜೋನಾಳಿಗೆ ನನ್ನ ನೆನಪು ತಿಳಿಸು. ದೋಣಿಯ ಹಿಮ ಕಟ್ಟಿದ ಹಲಗೆಗಳ ಮೇಲೆ ಜೋಪಾನವಾಗಿ ಹೆಜ್ಜೆಯಿಡು. ದೇವರು ನಿಮ್ಮಿಬ್ಬರನ್ನೂ ಒಣ ಬಟ್ಟೆಯಲ್ಲಿ ಇಟ್ಟಿರಲಿ.

ನಿನ್ನ ಅಮ್ಮ,
ಲೂಸಿಲ್

ನಿನ್ನೆ ಬರೆಯಲು ಮರೆತೆ, ಈಗ ಅಂಚೆಯವನು ಬಾಗಿಲಲ್ಲಿದ್ದಾನೆ: ಸಮಿತಿ ಕೂರುವುದು ಮಾರ್ಚ್‌ನ ಮೊದಲ ಮಂಗಳವಾರ. ಹೆತ್ತ ತಾಯಿಗೆ ಕೊಡಲು ಈಗಲೂ ತಪಾಸಣೆ ಬೇಡ, ಮುಂದೆಯೂ ಬೇಡ. ಮರ್ಲ್‌ಗೆ ನೀನೇ ಫೋನ್ ಮಾಡು. ಸಮಿತಿಯ ಹಿಂದಿನ ದಿನ, ಸೋಮವಾರದೊಳಗೆ ಅಪ್ಪನ ರೈಫಲ್ ನನ್ನ ಮನೆ ಸೇರಲಿ. ಮಂಗಳವಾರ ಮಾವನೂ ಮನೆಯವನೇ ಎಂದು ಹೇಳುತ್ತೇನೆ, ಮನಸಾರೆ.