ಬಾಗಿಲಾಚೆಯ ದನಿ ಯಾರದು

ಕಾವ್‌ಶುಂಗ್,
ಭಾನುವಾರ

ಮಾನ್ಯ ತ್ಸಾಯ್ ಅವರಿಗೆ ನಮಸ್ಕಾರ.

ನನ್ನ ‘ಬಾಗಿಲಾಚೆ’ ಹಾಡಿನ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ನೀವು ಬರೆದದ್ದನ್ನು ಓದಿದೆ. ಹಾಡಿನಲ್ಲಿ ‘ಏಳೇ, ಏಳು’ ಎಂದು ಕರೆಯುವ ದನಿ ಸಾವಿನದು, ಈ ರಾಕ್ ಗಾಯಕಿಗೆ ಹುಚ್ಚೇ ಪ್ರತಿಭೆ, ಮಾತ್ರೆ ಶುರುವಾದ ಮೇಲಿನ ಹಾಡುಗಳೆಲ್ಲ ಸಪ್ಪೆ ಎಂದಿದ್ದೀರಿ.

ಆ ದನಿ ನನ್ನ ಅಮ್ಮನದು. ಖಿನ್ನತೆ ಹಿಡಿದು ನಾನು ಗೋಡೆಗೆ ಮುಖ ಮಾಡಿ ಮಲಗಿದ್ದ ಚಳಿಗಾಲವಿಡೀ ಅವಳು ಗಂಜಿ ತಂದು ಬಾಗಿಲು ಬಡಿಯುತ್ತಿದ್ದಳು. “ಏಳೇ, ಏಳು! ಲೋಕ ಆಮೇಲೆ ಮುಳುಗಲಿ, ಮೊದಲು ಹಲ್ಲುಜ್ಜು!” ಆಗ ನನ್ನಿಂದ ಒಂದು ಸಾಲೂ ಬರೆಯಲಾಗಲಿಲ್ಲ. ಹಾಡು ಹುಟ್ಟಿದ್ದು ಮಾತ್ರೆ ಮೈಗೆ ಹಿಡಿದ ಮೇಲೆ, ಅಡುಗೆಮನೆಯಲ್ಲಿ, ನಗುನಗುತ್ತಾ.

ಅರ್ಥ ತಪ್ಪಿದ್ದಕ್ಕೆ ನನಗೆ ಸಿಟ್ಟಿಲ್ಲ. ಆದರೆ ಕಳೆದ ವಾರ ವೆನ್‌ಜುನ್ ಎಂಬ ಕಾಲೇಜು ಹುಡುಗಿ ನಿಮ್ಮ ಲೇಖನ ಹಿಡಿದುಕೊಂಡು ನಮ್ಮ ತಾಲೀಮಿಗೆ ಬಂದಳು.

“ಅಕ್ಕಾ, ನಾನು ಮಾತ್ರೆ ಬಿಟ್ಟೆ. ಇನ್ಮೇಲೆ ನಿಮ್ಮ ಥರಾನೇ ಬರೀತೀನಿ.”

“ನಾನೆಲ್ಲಿ ಬಿಟ್ಟೆನೇ, ಮಾರಾಯ್ತಿ!” ಎಂದು ಗದರಿಸಿ, ಗಿಟಾರ್ ಕೆಳಗಿಟ್ಟು, ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಅವಳ ಡಾಕ್ಟರ ಹತ್ತಿರ ಹೋದೆ. ಈಗ ಚೇತರಿಸಿಕೊಳ್ಳುತ್ತಿದ್ದಾಳೆ.

ಶುಕ್ರವಾರದ ಸಂಚಿಕೆಯಲ್ಲಿ ಈ ಪತ್ರವನ್ನು ಒಂದಕ್ಷರ ಬಿಡದೆ ಅಚ್ಚು ಹಾಕಿ. ಹಾಕದಿದ್ದರೆ ಶನಿವಾರ ಬಂದರಿನ ಕಾರ್ಯಕ್ರಮದಲ್ಲಿ, ಮೊದಲ ಹಾಡಿಗೂ ಮುಂಚೆ, ನಾನೇ ಮೈಕಿನಲ್ಲಿ ಓದುತ್ತೇನೆ. ನಿಮ್ಮ ಓದುಗರಿಗಿಂತ ನನ್ನ ಕೇಳುಗರು ಜಾಸ್ತಿ.

ಹುಷಾರಾಗಿ, ಹಾಡುತ್ತಲೇ ಇರುವ,
ಚಿಯು ಶಿನ್‌ಯಿ